ಕೈ ಕೆಳಗಿನ ನಲವತ್ತು ಮಂದಿ

ಆ ಒಂಬತ್ತು ಕಾಗದಗಳನ್ನು ಟೈಪ್ ಮಾಡಿದವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಬಾಯಿ ಮುಚ್ಚಿಕೊಂಡು ಕೂತದ್ದರ ಫಲ ಒಮ್ಮೆ ಉಂಡಿದ್ದೇನೆ, ಇನ್ನೊಮ್ಮೆ ಬೇಡ.

ಸೇಡಂ ಹತ್ತಿರದ ಒಂದು ಸಿಮೆಂಟ್ ಕಾರ್ಖಾನೆಯಲ್ಲಿ ಯಂತ್ರಗಳ ರಿಪೇರಿ ಗುತ್ತಿಗೆ ಹಿಡಿದಿದ್ದ ಕಂಪನಿಯ ಟೈಮ್ ಆಫೀಸಿನಲ್ಲಿ ನಾನು ಕ್ಲರ್ಕ್ ಆಗಿದ್ದೆ. ಟೈಮ್ ಆಫೀಸ್ ಎಂದರೆ ದೊಡ್ಡದೇನಲ್ಲ. ಗೇಟಿನ ಪಕ್ಕದ ತಗಡಿನ ಖೋಲಿ, ಒಂದು ಕಂಪ್ಯೂಟರ್, ಒಂದು ಫ್ಯಾನು, ಎಲ್ಲದರ ಮೇಲೂ ಬೂದು ಧೂಳು. ಯಾರು ಬಂದರು, ಎಷ್ಟು ತಾಸು ದುಡಿದರು ಎಂದು ಹಾಜರಿ ಬರೆಯುವುದು, ತಿಂಗಳ ಕೊನೆಗೆ ಪಗಾರದ ಪಟ್ಟಿ ಮಾಡುವುದು ನನ್ನ ಕೆಲಸ. ಕಾಗದದಲ್ಲಿ ನನಗೆ ‘ಟೈಮ್ ಆಫೀಸ್ ಇನ್‌ಚಾರ್ಜ್’ ಎಂದು ಹೆಸರಿತ್ತು. ಆ ಖೋಲಿಯಲ್ಲಿ ಇದ್ದವಳು ನಾನೊಬ್ಬಳೇ. ಯಾರ ಮೇಲೆ ಇನ್‌ಚಾರ್ಜ್ ಎಂದು ಕೇಳಿದರೆ ಫ್ಯಾನಿನ ಮೇಲೆ ಎನ್ನಬೇಕಾಗುತ್ತಿತ್ತು.

ಕೆಲಸಕ್ಕೆ ಮೂರು ಪಾಳಿ. ಬೆಳಗ್ಗೆ ಆರರಿಂದ ಎರಡು, ಎರಡರಿಂದ ರಾತ್ರಿ ಹತ್ತು, ಹತ್ತರಿಂದ ಮರುದಿನ ಆರು. ಒಂದು ಪಾಳಿ ಮುಗಿಸಿ ಮುಂದಿನದಕ್ಕೂ ನಿಂತರೆ ಅದಕ್ಕೆ ಎಲ್ಲರೂ ‘ಡಬಲ್’ ಎನ್ನುತ್ತಾರೆ. ಆ ಹೆಚ್ಚಿನ ತಾಸುಗಳನ್ನು ನಾನು ಹಾಜರಿಯ ಕೆಳಗೆ ಕೆಂಪು ಶಾಯಿಯಲ್ಲಿ ಬರೆಯುತ್ತಿದ್ದೆ. ಕೆಂಪು ತಾಸಿಗೆ ಕೂಲಿ ಎರಡು ಪಟ್ಟು. ಅದಕ್ಕೇ ಸೈಟ್ ಮ್ಯಾನೇಜರ್ ಯಾರನ್ನಾದರೂ ಡಬಲ್‌ಗೆ ನಿಲ್ಲಿಸುವ ಮೊದಲು ಎರಡು ಸಲ ಯೋಚಿಸುತ್ತಿದ್ದ.

ಒಂದು ದಿನ ಅವನು ಯೋಚಿಸುವುದನ್ನೇ ಬಿಟ್ಟ. ಒಂಬತ್ತು ಜನ ಹಿರಿಯ ಫಿಟರ್‌ಗಳ ಹೆಸರಿನ ಚೀಟಿ ನನ್ನ ಮುಂದಿಟ್ಟು ಇಂಗ್ಲಿಷಿನಲ್ಲಿ ಒಂದೊಂದು ಕಾಗದ ಟೈಪ್ ಮಾಡಿಸಿದ. ‘ಇಂದಿನಿಂದ ತಮ್ಮನ್ನು ಸೂಪರ್‌ವೈಸರ್ ಹುದ್ದೆಗೆ ಏರಿಸಲಾಗಿದೆ. ಈ ಹುದ್ದೆಗೆ ಓವರ್‌ಟೈಮ್ ಅನ್ವಯಿಸುವುದಿಲ್ಲ.’ ಪಗಾರ ಒಂದು ರೂಪಾಯಿಯೂ ಏರಲಿಲ್ಲ. ಏರಿದ್ದು ತಲೆಯ ಮೇಲಿನ ಬಣ್ಣ. ಫಿಟರ್‌ಗಳದು ಹಳದಿ ಹೆಲ್ಮೆಟ್, ಸಾಹೇಬರದು ಬಿಳಿ. ಆ ಒಂಬತ್ತು ಜನಕ್ಕೂ ಬಿಳಿ ಹೆಲ್ಮೆಟ್ ಕೊಟ್ಟರು.

ಅವರಲ್ಲಿ ಒಬ್ಬರನ್ನು ನಾನು ಕಾಕಾ ಎನ್ನುತ್ತಿದ್ದೆ. ಐವತ್ತು ದಾಟಿದ ಮನುಷ್ಯ, ಚಿಂಚೋಳಿ ತಾಲೂಕಿನ ಹಳ್ಳಿಯವರು. ಯಂತ್ರಕ್ಕೆ ಕಿವಿ ಹಚ್ಚಿ ಎಲ್ಲಿ ಬೇರಿಂಗ್ ಹೋಗಿದೆ ಎಂದು ಹೇಳುತ್ತಿದ್ದರು. ಕಾಗದಕ್ಕೆ ಕನ್ನಡದಲ್ಲಿ ಸಹಿ ಮಾಡಿ, ಮರುದಿನ ನನಗೊಂದು ಪೇಢೆಯ ಡಬ್ಬಿ ತಂದರು.

“ತಂಗಿ, ಬಾಯಿ ಸಿಹಿ ಮಾಡ್ಕೋ. ಮಗಳದ್ದು ಮಾತುಕತಿ ಮುಗೀತು. ಬೀಗ್ರು ಆಡಕಿ ಊರಿನ ಕಡೆಯವ್ರು. ಹುಡುಗಿ ಅಪ್ಪ ಸೂಪರ್‌ವೈಜರ್ ಅಂದಕೂಡ್ಲೇ ಅವ್ರ ಮಾತೇ ಬದಲಾತು ನೋಡು.”

ಕಾಗದದ ಎರಡನೆಯ ಸಾಲು ಏನೆಂದು ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಪೇಢೆ ತಿಂದೆ. ಚೆನ್ನಾಗಿದೆ ಕಾಕಾ ಅಂದೆ. ಈಗಲೂ ಅದನ್ನು ನೆನೆದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನಿಸುತ್ತದೆ.

ಓವರ್‌ಟೈಮ್ ಪುಕ್ಕಟೆಯಾದ ಮನುಷ್ಯನನ್ನು ಯಾರು ಬಿಡುತ್ತಾರೆ? ಆ ತಿಂಗಳು ಕಾಕಾರನ್ನು ಹನ್ನೊಂದು ಡಬಲ್‌ಗೆ ನಿಲ್ಲಿಸಿದರು. ಕನ್ವೇಯರ್ ಬೆಲ್ಟ್ ಹರಿದರೂ ಅವರೇ, ಎಲಿವೇಟರ್ ಸರಪಳಿ ಕಳಚಿದರೂ ಅವರೇ. ಹುಡುಗ ಫಿಟರ್‌ಗಳನ್ನು ಮನೆಗೆ ಕಳಿಸುತ್ತಿದ್ದರು, ಅವರಿಗೆ ಕೆಂಪು ಶಾಯಿ ಬೀಳುತ್ತದಲ್ಲ. ಪಗಾರದ ದಿನ ಕಾಕಾ ಚೀಟಿ ಹಿಡಿದು ನನ್ನ ಕಿಟಕಿಗೆ ಬಂದರು.

“ಇದರಾಗ ಓಟಿ ಎಲ್ಲಿ ಅದ ತಂಗಿ?”

“ನಿಮಗ ಇನ್ನ ಓಟಿ ಇಲ್ಲ ಕಾಕಾ. ಸೂಪರ್‌ವೈಜರ್‌ಗೆ ಇರಂಗಿಲ್ಲ. ಆ ಕಾಗದದಾಗ ಬರದಿತ್ತು.”

ಅವರು ಚೀಟಿ ಮಡಚಿ ಜೇಬಿಗಿಟ್ಟರು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

“ರೊಕ್ಕ ಹಾಳಾಗಿ ಹೋಗ್ಲಿ,” ಅಂದರು. “ನನ್ನ ಮೈ ತಡೀವಲ್ದು ತಂಗಿ. ಹದಿನಾರು ತಾಸು ನಿಂತು ಮ್ಯಾಲ ಗಾಡಿ ಹೊಡೀಬೇಕು. ಮೊನ್ನಿ ದಾರ್‍ಯಾಗ ಕಣ್ಣು ಮುಚ್ಚಿದ್ದೇ ಗೊತ್ತಾಗಲಿಲ್ಲ. ಇದನ್ನ ಹ್ಯಾಂಗರ ನಿಂದ್ರಸು.”

ಸೇಡಂನಲ್ಲೇ ಒಂದು ಖೋಲಿ ಹಿಡಿಯಿರಿ ಎಂದೆ. ಅವರು ನಕ್ಕರು. ಕಾರ್ಖಾನೆಗಳು ಬಂದ ಮೇಲೆ ಸೇಡಂನಲ್ಲಿ ಕೋಳಿಗೂಡಿನಂಥ ಖೋಲಿಗೂ ಗಿರಾಕಿಗಳಿದ್ದಾರೆ. ದೂರದ ರಾಜ್ಯಗಳಿಂದ ಬಂದ ಹುಡುಗರು ಆರಾರು ಜನ ಸೇರಿ ಬಾಡಿಗೆ ಹಂಚಿಕೊಳ್ಳುತ್ತಾರೆ. ಹೆಂಡತಿ, ಮಗಳನ್ನು ಕಟ್ಟಿಕೊಂಡವನು ಎಲ್ಲಿಂದ ತರಬೇಕು? ಊರಲ್ಲಿ ಸ್ವಂತ ಮನೆ ಇದೆ, ಜೋಳ ಇದೆ. ಹಾಗಾಗಿ ದಿನಾ ಹೋಗಿ ಬಂದು ಎರಡು ತಾಸು ಮೋಟರ್ ಸೈಕಲ್ ಮೇಲೆ.

ಅಂದು ನಾನು ಮ್ಯಾನೇಜರ್ ಹತ್ತಿರ ಹೋದೆ. ಓವರ್‌ಟೈಮ್ ಕೊಡದಿದ್ದರೆ ಹೋಗಲಿ, ವಾಡಿ ಮತ್ತು ಶಹಾಬಾದ್ ಸೈಟುಗಳಲ್ಲಿ ಕೊಡುವ ಪಟ್ಟಣ ಭತ್ಯೆಯನ್ನಾದರೂ ಇವರಿಗೆ ಕೊಡಿ ಎಂದೆ. ಅವನು ಬೆಂಗಳೂರು ಕಡೆಯಿಂದ ಬಂದವನು. ಇಲ್ಲಿಗೆ ಬಂದದ್ದಕ್ಕೆ ಅವನಿಗೆ ‘ದೂರದ ಸ್ಥಳದ ಭತ್ಯೆ’ ಇತ್ತು, ಆ ಪಟ್ಟಿ ಮಾಡುವವಳೂ ನಾನೇ.

“ನೋಡಿ ಮೇಡಂ, ಇಲ್ಲಿ ಜನಕ್ಕೆ ಏನು ಖರ್ಚಿದೆ ಹೇಳಿ? ನೀವೇ ಒಂದು ಪಟ್ಟಿ ಮಾಡಿ, ಹೆಡ್ ಆಫೀಸಿಗೆ ಕಳಿಸೋಣ.”

ಮಾಡಿದೆ. ನಾಲ್ಕು ದಿನ ಹಿಡಿಯಿತು. ಚಿತ್ತಾಪುರ, ವಾಡಿ, ಶಹಾಬಾದಿನ ಟೈಮ್ ಆಫೀಸುಗಳಿಗೆ ಫೋನು ಹಚ್ಚಿ ಖೋಲಿಯ ಬಾಡಿಗೆ, ಅಕ್ಕಿ, ಎಣ್ಣೆ, ಗ್ಯಾಸು, ನೀರಿನ ಕ್ಯಾನು ಎಲ್ಲ ಕೇಳಿ ಬರೆದುಕೊಂಡೆ. ಸೇಡಂನದು ನಾನೇ ಅಂಗಡಿ ಅಂಗಡಿ ಸುತ್ತಿದೆ. ಬಾಡಿಗೆ ಬಿಟ್ಟರೆ ಉಳಿದದ್ದು ಹೆಚ್ಚು ಕಡಿಮೆ ಎಲ್ಲ ಕಡೆ ಒಂದೇ. ಬಾಡಿಗೆಯಲ್ಲಿ ಸೇಡಂ ಯಾರಿಗೂ ಕಡಿಮೆ ಇರಲಿಲ್ಲ. ಮ್ಯಾನೇಜರ್ ಪಟ್ಟಿ ನೋಡಿ ಪೆನ್ನು ತೆಗೆದ.

“ಕಾರ್ಖಾನೆ ಇರೋದು ಗ್ರಾಮ ಪಂಚಾಯತಿ ಹದ್ದಿನಲ್ಲಿ. ಸೇಡಂ ಬಾಡಿಗೆ ಯಾಕೆ ಹಾಕಿದ್ರಿ? ಎಲ್ಲರಿಗೂ ಹಳ್ಳಿಯಲ್ಲಿ ಸ್ವಂತ ಮನೆ ಇದೆಯಲ್ಲ. ಬಾಡಿಗೆಗೆ ಸೊನ್ನೆ ಹಾಕಿ.”

“ಹಂಗಾದ್ರ ದಿನಾ ಹೋಗಿ ಬರೋ ಖರ್ಚು ಎಲ್ಲಿ ಬರೀಲಿ ಸರ್?”

“ಅದಕ್ಕೆ ಕಾಲಂ ಇಲ್ಲ ಮೇಡಂ.”

ಸೊನ್ನೆ ಹಾಕಿ ಕಳಿಸಿದೆ. ನಿಮ್ಮಲ್ಲಿ ಜೀವನ ಅಗ್ಗ, ಭತ್ಯೆ ಬೇಕಿಲ್ಲ ಎಂದು ಹೆಡ್ ಆಫೀಸಿನಿಂದ ಒಂದು ಸಾಲಿನ ಉತ್ತರ ಬಂತು. ಆ ಉತ್ತರ ಓದಿ ನನ್ನ ತಲೆ ಕೆಟ್ಟು ಹೋಯಿತು. ಅದೇ ವಾರ ಕಾಕಾ ಮತ್ತು ಉಳಿದ ಎಂಟು ಜನರ ಹೆಸರಿನಲ್ಲಿ ಕಾರ್ಮಿಕ ಇಲಾಖೆಗೆ ದೂರಿನ ಅರ್ಜಿ ಬರೆದೆ. ನಾವು ಹೆಸರಿಗೆ ಮಾತ್ರ ಸೂಪರ್‌ವೈಸರ್‌ಗಳು, ಮಾಡುವುದು ಫಿಟರ್ ಕೆಲಸ, ನಮಗೆ ಓವರ್‌ಟೈಮ್ ಬರಬೇಕು ಎಂದು. ಬರೆದವಳು ನಾನೆಂದು ಯಾರಿಗೂ ಹೇಳಬೇಡಿ ಎಂದೆ. ಕಾಕಾ ಮೊದಲು ಸಹಿ ಮಾಡಿದರು.

ಅರ್ಜಿ ಎಲ್ಲೆಲ್ಲೋ ತಿರುಗಿ ಎರಡು ತಿಂಗಳಿಗೆ ತನಿಖೆಯ ನೋಟಿಸು ಬಂತು. ಅಷ್ಟರಲ್ಲಿ ನಾನು ನಿಯಮಗಳನ್ನು ಓದಿಕೊಂಡಿದ್ದೆ. ಕಾಗದದ ಮೇಲಿನ ಹುದ್ದೆ ಮುಖ್ಯವಲ್ಲ, ದಿನಾ ಮಾಡುವ ಕೆಲಸ ಏನೆಂದು ನೋಡುತ್ತಾರೆ. ರಜೆ ಕೊಡುವ ಅಧಿಕಾರ ಇದೆಯೇ, ಆಳುಗಳನ್ನು ಇಡುವ, ತೆಗೆಯುವ ಮಾತು ನಡೆಯುತ್ತದೆಯೇ, ಕೈಯಲ್ಲಿ ಹತ್ಯಾರ ಹಿಡಿಯುತ್ತಾರೆಯೇ. ಕಾಕಾರಿಗೆ ಮೂರು ದಿನ ಪಾಠ ಹೇಳಿದೆ.

“ಸಾಹೇಬ್ರು ಕೇಳಿದ್ರ ಒಂದೇ ಮಾತು ಹೇಳ್ರಿ ಕಾಕಾ. ಕಾಗದದಾಗ ಸೂಪರ್‌ವೈಜರ್ ಅದ, ಮಾಡೋದು ಫಿಟರ್ ಕೆಲಸ, ನನ್ನ ಕೈ ಕೆಳಗ ಯಾರೂ ಇಲ್ಲ.”

“ಕೈ ಕೆಳಗ ಯಾರೂ ಇಲ್ಲ,” ಎಂದು ಅವರು ಶಾಲೆಯ ಹುಡುಗನ ಹಾಗೆ ಒಪ್ಪಿಸಿದರು. “ನನ್ನ ಕೈಯಾಗ ಇರೋದು ನಟ್ಟು ಬಿಚ್ಚೋ ಪಾನಾ ಒಂದೇ. ಖರೇನೇ ಅದಲ್ಲ, ಹೇಳ್ಲಿಕ್ಕೆ ಏನು.”

ತನಿಖೆಯ ದಿನ ಟೈಮ್ ಆಫೀಸಿನ ಖೋಲಿಯಲ್ಲಿ ಕುರ್ಚಿ ಹಾಕಬಹುದಿತ್ತು. ಹಾಕಲಿಲ್ಲ. ಮ್ಯಾನೇಜರ್ ಎದುರು ಒಬ್ಬರೇ ಕೂತರೆ ಕಾಕಾರ ಧೈರ್ಯ ಉಡುಗುತ್ತದೆ, ನಾಲ್ಕು ಮಂದಿ ತಮ್ಮವರು ಸುತ್ತ ನಿಂತರೆ ನಾಲಿಗೆ ಬರುತ್ತದೆ ಎಂದುಕೊಂಡೆ. ಲಾರಿಗೆ ಸಿಮೆಂಟ್ ಚೀಲ ತುಂಬುವ ಲೋಡಿಂಗ್ ಶೆಡ್ಡಿನಲ್ಲಿ ಗಾಳಿ ಇದೆ ಎಂದು ನೆವ ಹೇಳಿ ಕುರ್ಚಿಗಳನ್ನು ಅಲ್ಲಿಗೆ ಹೊರಿಸಿದವಳು ನಾನೇ. ಎಂಥ ಶಾಣ್ಯಾಕಿ!

ಇಲಾಖೆಯ ಅಧಿಕಾರಿ ಬಂದರು. ಒಳ್ಳೆಯ ಮನುಷ್ಯ, ನೀರು ಬಿಟ್ಟು ಏನೂ ಮುಟ್ಟಲಿಲ್ಲ. ಲೋಡಿಂಗ್ ಗುಂಪಿನವರೆಲ್ಲ ಚೀಲ ಬಿಟ್ಟು ಸುತ್ತ ನಿಂತರು. ಕಾಕಾ ಬಿಳಿ ಹೆಲ್ಮೆಟ್ ಕಂಕುಳಲ್ಲಿ ಹಿಡಿದು ಎದುರು ಕೂತರು. ಹೆಸರು, ಊರು, ಎಷ್ಟು ವರ್ಷದಿಂದ ಕೆಲಸ, ಎಲ್ಲ ಸರಿಯಾಗಿ ಹೇಳಿದರು. ಆಮೇಲೆ ಅಧಿಕಾರಿ ಕೇಳಿದರು:

“ನಿಮ್ಮ ಕೈ ಕೆಳಗೆ ಎಷ್ಟು ಜನ ಕೆಲಸ ಮಾಡ್ತಾರೆ?”

ಕಾಕಾ ಬಾಯಿ ತೆರೆದರು. ಅವರ ಕಣ್ಣು ನನ್ನ ಭುಜದ ಹಿಂದೆ ಎಲ್ಲೋ ನೆಟ್ಟಿತು. ತಿರುಗಿ ನೋಡಿದೆ. ಚೀಲಗಳ ಸಾಲಿಗೆ ಒರಗಿ, ತಲೆಗೆ ಟವೆಲ್ ಸುತ್ತಿದ ಒಬ್ಬ ಮನುಷ್ಯ ನಿಂತಿದ್ದ. ಆ ವಾರವಷ್ಟೇ ಲೋಡಿಂಗ್ ಗುಂಪಿಗೆ ಸೇರಿದ್ದವನು. ಅವನನ್ನು ಸೇರಿಸಿಕೊಳ್ಳಿ ಎಂದು ಶಿಫಾರಸು ಮಾಡಿದ್ದು ಕಾಕಾರೇ. ಅವನು ಆಡಕಿಯ ಬೀಗ, ಅವರ ಮಗಳ ಮಾವ ಆಗುವವನು.

“ನಲವತ್ತು ಮಂದಿ ಅದಾರ್ರೀ ಸಾಹೇಬ್ರ,” ಅಂದರು ಕಾಕಾ.

“ರಜಾ ಯಾರು ಕೊಡ್ತಾರೆ?”

“ನಾನೇ ಕೊಡ್ತೀನ್ರಿ. ನನ್ನ ಕೇಳದ ಇಲ್ಲಿ ಏನೂ ನಡಿಯಂಗಿಲ್ಲ.”

ಮ್ಯಾನೇಜರ್ ಕಾಲ ಮೇಲೆ ಕಾಲು ಹಾಕಿದ. ಬೀಗ ಪಕ್ಕದವನಿಗೆ ಏನೋ ಹೇಳಿ ತಲೆಯಾಡಿಸಿದ. ಅಧಿಕಾರಿ ಬರೆದುಕೊಂಡದ್ದನ್ನು ಓದಿ ಹೇಳಿ, ಸರಿ ಇದೆಯೇ ಎಂದರು. ಕಾಕಾ ಸಹಿ ಹಾಕಿದರು. ನಾನು ಎದ್ದು ನಿಂತು ಸುಳ್ಳು ಸಾಹೇಬ್ರೆ, ಇವರಿಗೆ ತಮ್ಮ ರಜೆ ತಮಗೇ ಸಿಗುವುದಿಲ್ಲ ಎಂದು ಕೂಗಬೇಕಿತ್ತು. ಕೂಗಲಿಲ್ಲ. ನನ್ನ ನೌಕರಿ ನನಗೆ ಬೇಕಿತ್ತು. ಅರ್ಜಿಯಲ್ಲಿ ಮೊದಲ ಹೆಸರಿನವರೇ ಹೀಗೆ ಹೇಳಿದ ಮೇಲೆ ಉಳಿದ ಎಂಟು ಜನ ಮುಂದೆ ಬರಲಿಲ್ಲ. ನಾವ್ಯಾಕೆ ಸಣ್ಣವರಾಗಬೇಕು ಎಂದರು. ಫೈಲು ಮುಚ್ಚಿತು.

ಸಂಜೆ ಕಾಕಾ ಕಿಟಕಿಗೆ ಬಂದು ತಲೆ ತಗ್ಗಿಸಿ ನಿಂತರು.

“ಬೈಯಿ ತಂಗಿ.”

“ಏನಂತ ಬೈಲಿ? ನಿಮ್ಮ ಕುತ್ತಿಗಿ ನೀವೇ ಕೊಯ್ಕೊಂಡ್ರಿ.”

“ಬೀಗ್ರು ನೋಡ್ಲಿಕತ್ತಿದ್ರು. ಅವ್ರ ಮುಂದ ಹ್ಯಾಂಗ ಹೇಳ್ಲಿ, ನಂದೇನೂ ನಡಿಯಂಗಿಲ್ಲ ಅಂತ? ಮಗಳ ಬಾಳೇವು ತಂಗಿ. ಲಗ್ನ ಒಂದು ಆಗಲಿ, ಆಮ್ಯಾಲ ಬೇಕಾದ್ರ ಕಸಾ ಹೊಡೀತೀನಿ ಅಂತ ಬರಕೊಡ್ತೀನಿ.”

ಸಿಟ್ಟಿನಲ್ಲಿ ಕಿಟಕಿ ಮುಚ್ಚಿದೆ. ನಾಲ್ಕು ದಿನ ಮಾತಾಡಲಿಲ್ಲ. ಆ ನಾಲ್ಕು ದಿನಗಳನ್ನು ಯಾರಾದರೂ ತಿರುಗಿ ಕೊಟ್ಟರೆ ಏನು ಬೇಕಾದರೂ ಕೊಟ್ಟೇನು.

ಇನ್ನು ಮ್ಯಾನೇಜರ್‌ಗೆ ಯಾರ ಹೆದರಿಕೆಯೂ ಉಳಿಯಲಿಲ್ಲ. ಆದರೂ ಗೇಟಿನಲ್ಲಿ ಬೆರಳು ಒತ್ತಿದರೆ ಬಂದುಹೋದ ವೇಳೆ ಬರೆದುಕೊಳ್ಳುವ ಯಂತ್ರದಲ್ಲಿ ಹದಿನಾರು ತಾಸು ಕಾಣುವುದು ಅವನಿಗೆ ಬೇಡವಾಗಿತ್ತು. ಹೊಸ ಪದ್ಧತಿ ತಂದ. ಡಬಲ್‌ಗೆ ನಿಲ್ಲುವ ಬಿಳಿ ಹೆಲ್ಮೆಟ್ಟಿನವರು ರಾತ್ರಿ ಹತ್ತಕ್ಕೆ ಬೆರಳು ಒತ್ತಿ ಹೊರಗೆ ಹೋಗಬೇಕು, ಲಾರಿಗಳ ಗೇಟಿನಿಂದ ಮತ್ತೆ ಒಳಗೆ ಬರಬೇಕು. ಯಂತ್ರದ ಲೆಕ್ಕದಲ್ಲಿ ಎಂಟೇ ತಾಸು. ನನ್ನ ಹಾಜರಿಯೂ ಅದಕ್ಕೆ ಸರಿಹೊಂದಬೇಕು. ಎಂಟು ಎಂದು ಬರೆದೆ, ದಿನಾ ಬರೆದೆ.

ಒಂದು ಮಾತ್ರ ಅವನ ಗಮನಕ್ಕೆ ಬಂದಿರಲಿಲ್ಲ, ಊಟದ ಚೀಟಿ. ಡಬಲ್‌ಗೆ ನಿಲ್ಲುವವರಿಗೆ ಕ್ಯಾಂಟೀನಿನಲ್ಲಿ ಒಂದು ಊಟ. ಸಂಜೆ ಮನೆಗೆ ಹೋಗುವ ಮೊದಲು ನಾನು ಹೆಸರು, ತಾರೀಖು, ಪಾಳಿ ಬರೆದು ಚೀಟಿ ಹರಿದು ಕೊಡುತ್ತಿದ್ದೆ. ಉಣ್ಣುವಾಗ ಕ್ಯಾಂಟೀನಿನವರು ಅದರ ಮೇಲೆ ಸಹಿ ಹಾಕಿಸಿಕೊಂಡು, ವೇಳೆ ಬರೆದು ಶಿಕ್ಕಾ ಒತ್ತುತ್ತಿದ್ದರು. ವಾರಕ್ಕೊಮ್ಮೆ ಆ ಚೀಟಿಗಳ ಕಟ್ಟು ಬಿಲ್ಲಿನ ಜೊತೆ ನನ್ನ ಮೇಜಿಗೆ ಬರುತ್ತಿತ್ತು.

ವಾರ್ಷಿಕ ರಿಪೇರಿಗೆ ಕುಲುಮೆ ಬಂದ್ ಮಾಡಿದ್ದ ದಿನಗಳು. ಒಂದು ಮಂಗಳವಾರ ಸಂಜೆ ಕಾಕಾರಿಗೆ ಚೀಟಿ ಹರಿದು ಕೊಟ್ಟೆ. ಸತತ ಮೂರನೆಯ ಡಬಲ್. ಕಣ್ಣು ಕೆಂಪಗೆ ಊದಿದ್ದವು. “ಲಗ್ನ ಇನ್ನ ಇಪ್ಪತ್ತು ದಿನ ತಂಗಿ, ನೀ ಬರಲೇಬೇಕು,” ಎಂದು ಹೇಳಿ ಹೋದರು. ಬುಧವಾರ ಬೆಳಗ್ಗೆ ಏಳರ ಸುಮಾರಿಗೆ, ಚಿಂಚೋಳಿ ರಸ್ತೆಯಲ್ಲಿ ಅವರ ಗಾಡಿ ತೊಗರಿ ಹೊಲದ ಬದಿಗೆ ಇಳಿದು ಸಣ್ಣ ಸೇತುವೆಯ ಕಟ್ಟೆಗೆ ಹೊಡೆಯಿತು. ಎದುರಿಗೆ ಯಾವ ವಾಹನವೂ ಇರಲಿಲ್ಲವಂತೆ. ನೋಡಿದವರು ಹೋಗುವಷ್ಟರಲ್ಲಿ ಮುಗಿದಿತ್ತು.

ಕೆಲಸದಿಂದ ಮನೆಗೆ ಹೋಗುವ ದಾರಿಯಲ್ಲಿ ಸತ್ತರೆ ಮನೆಯವರು ಪರಿಹಾರ ಕೇಳಬಹುದು. ಕಂಪನಿಯ ಉತ್ತರ ಸಿದ್ಧವಿತ್ತು. ಅವರು ಹಿಂದಿನ ರಾತ್ರಿ ಹತ್ತಕ್ಕೇ ಗೇಟು ದಾಟಿದ್ದಾರೆ. ಬೆಳಗ್ಗೆ ಏಳಕ್ಕೆ ರಸ್ತೆಯಲ್ಲಿ ಏನು ಮಾಡುತ್ತಿದ್ದರೋ ನಮಗೆ ಗೊತ್ತಿಲ್ಲ. ಸಾಕ್ಷಿಗೆ ಯಂತ್ರದ ದಾಖಲೆ, ಜೊತೆಗೆ ನನ್ನ ಕೈಬರಹದ ಹಾಜರಿ.

ಹನ್ನೆರಡನೆಯ ದಿನ ಅವರ ಹೆಂಡತಿ ನನ್ನ ಕಿಟಕಿಗೆ ಬಂದರು. ನಾನು ಕಾಕು ಎನ್ನುತ್ತಿದ್ದೆ. ಕುಂದ್ರಿ ಎಂದರೂ ಕೂರಲಿಲ್ಲ. ಪರಿಹಾರದ ಮಾತಿಗೆ ಬಂದಿರಬೇಕು ಎಂದುಕೊಂಡೆ.

“ಒಂದು ಮಾತು ಕೇಳ್ತೀನಿ ನಮ್ಮವ್ವಾ, ಖರೆ ಹೇಳು. ಆ ರಾತ್ರಿ ಅವ್ರು ಎಲ್ಲಿದ್ರು?”

ಮೇಜಿನ ಮೇಲೆ ತೆರೆದಿದ್ದ ಹಾಜರಿ ಪುಸ್ತಕ ಮುಚ್ಚಿದೆ.

“ಊರಾಗ ಮಂದಿ ಒಂದೊಂದು ಮಾತಾಡ್ಲಿಕತ್ತಾರ. ಹತ್ತಕ್ಕ ಕೆಲಸ ಬಿಟ್ಟವ್ರು ಬೆಳತನ ಎಲ್ಲಿದ್ರು, ಸೇಡಂದಾಗ ಯಾರ ಮನಿ ಅದ ಅಂತ. ಬೀಗ್ರದು ಹಗಲ ಪಾಳಿ, ಅವ್ರಿಗೂ ರಾತ್ರಿದು ಗೊತ್ತಿಲ್ಲ, ಲಗ್ನ ಮುಂದ ಹಾಕ್ಯಾರ. ಇಂಥ ಮನಿ ಹುಡುಗಿ ಬ್ಯಾಡ ಅಂತ ಅವ್ರ ಮಂದಿ ಅನ್ಲಿಕತ್ತಾರಂತ. ನೀ ಹಾಜರಿ ಬರೆಯಾಕಿ. ನಿನಗ ಗೊತ್ತಿರಬೇಕಲ್ಲ.”

ನನಗೆ ಗೊತ್ತಿತ್ತು. ಕಾಕಾ ಒಂದು ಮರ್ಯಾದೆಗಾಗಿ ತಮ್ಮ ಹಕ್ಕು ಬಿಟ್ಟುಕೊಟ್ಟಿದ್ದರು. ನಾನು ಬರೆದ ಎಂಟು ಎಂಬ ಅಂಕಿ ಆ ಮರ್ಯಾದೆಯನ್ನೂ ತಿಂದು ಹಾಕಿತ್ತು. ಸತ್ತ ಮನುಷ್ಯ ಎದ್ದು ಬಂದು ನಾನು ಕೆಲಸದಲ್ಲಿದ್ದೆ ಎಂದು ಹೇಳಲಾರ. ಕಾಕುವಿನ ಮುಂದೆ ನನಗೆ ಅಳಲೂ ನಾಚಿಕೆಯಾಯಿತು.

ಆ ವಾರದ ಚೀಟಿಗಳ ಕಟ್ಟು ಅಷ್ಟರಲ್ಲಿ ನನ್ನ ಕಪಾಟಿನಲ್ಲಿತ್ತು. ಕ್ಯಾಂಟೀನಿನ ಬಿಲ್ಲು ನೋಡಿದಾಗಲೇ ಆ ಚೀಟಿಗಳು ಸಾಕ್ಷಿಯಾಗುತ್ತವೆ ಎಂದು ಮ್ಯಾನೇಜರ್‌ಗೂ ಹೊಳೆದಿತ್ತು. “ಆ ಕಟ್ಟು ನನ್ನ ಟೇಬಲ್ ಮೇಲಿಡಿ ಮೇಡಂ, ಹಳೆ ಕಾಗದ ಎಲ್ಲ ಸುಡಿಸ್ತಾ ಇದೀನಿ,” ಎಂದು ಎರಡು ಸಲ ಹೇಳಿದ್ದ. ಹುಡುಕುತ್ತೇನೆ ಸರ್ ಎಂದು ತಳ್ಳಿದ್ದೆ. ಧೈರ್ಯದಿಂದಲ್ಲ, ಏನು ಮಾಡಬೇಕೆಂದು ತಿಳಿಯದೆ. ಕಾಕು ಕಿಟಕಿಯಲ್ಲಿ ನಿಂತಿದ್ದಾಗ ಕಪಾಟು ತೆಗೆದೆ. ಕಟ್ಟು ಬಿಚ್ಚಿ ಮಂಗಳವಾರದ ಚೀಟಿ ಹುಡುಕಿದೆ. ಕಾಕಾರ ಹೆಸರು, ನನ್ನ ಅಕ್ಷರ. ಅದರ ಕೆಳಗೆ ಅವರ ಸಹಿ, ಗ್ರೀಸಿನ ಬೆರಳಿನ ಗುರುತು, ಕ್ಯಾಂಟೀನಿನ ಶಿಕ್ಕಾ. ವೇಳೆ ರಾತ್ರಿ ಒಂದೂಕಾಲು.

ಇಡೀ ಕಟ್ಟನ್ನು ನನ್ನ ಊಟದ ಚೀಲಕ್ಕೆ ಹಾಕಿಕೊಂಡು ಬಾಗಿಲಿಗೆ ಬೀಗ ಜಡಿದೆ. ಮ್ಯಾನೇಜರ್ ಅಂಗಳದಲ್ಲಿ ಎದುರಾದ.

“ಎಲ್ಲಿಗೆ ಮೇಡಂ, ಡ್ಯೂಟಿ ಟೈಮಲ್ಲಿ?”

“ಹಾಜರಿ ತಿದ್ದಲಿಕ್ಕ ಹೊಂಟೀನ್ರಿ,” ಎಂದೆ. ಕೀಲಿ ಅವನ ಕೈಗೆ ಕೊಟ್ಟೆ. ಮತ್ತೆ ಆ ಖೋಲಿಗೆ ನಾನು ಹೋಗಿಲ್ಲ.

ಕಾಕುವನ್ನು ಕರೆದುಕೊಂಡು ಬಸ್ಸು ಹತ್ತಿದೆ. ಕಲಬುರಗಿಯ ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ಅಂದು ತನಿಖೆಗೆ ಬಂದಿದ್ದ ಅದೇ ಅಧಿಕಾರಿ ಸಿಕ್ಕರು. ಚೀಟಿಗಳನ್ನು ಒಂದೊಂದಾಗಿ ತಿರುವಿ ನೋಡಿ, ಹಾಳೆ ಎಳೆದುಕೊಂಡು ನನ್ನ ಹೇಳಿಕೆ ಬರೆಯತೊಡಗಿದರು. ಹೆಸರು, ಊರು. ಆಮೇಲೆ ಹುದ್ದೆ.

“ಕಾಗದದಾಗ ಇನ್‌ಚಾರ್ಜ್ ಅಂತ ಅದರಿ ಸರ್. ಮಾಡೋದು ಕ್ಲರ್ಕ್ ಕೆಲಸ. ನನ್ನ ಕೈ ಕೆಳಗ ಯಾರೂ ಇಲ್ಲ.”

ಕಾಕಾರಿಗೆ ಮೂರು ದಿನ ಹೇಳಿಕೊಟ್ಟ ಮಾತು ಅದು. ನನ್ನ ಬಾಯಿಂದ ಬಂದಾಗಲೇ ತಿಳಿಯಿತು, ಹೇಳುವುದು ಎಷ್ಟು ಕಷ್ಟ ಎಂದು. ಉಳಿದದ್ದನ್ನೂ ಹೇಳಿದೆ. ಎಂಟು ಎಂದು ಸುಳ್ಳು ಬರೆದವಳು ನಾನು, ಒಂಬತ್ತು ಕಾಗದ ಟೈಪ್ ಮಾಡಿದವಳೂ ನಾನು ಎಂದು.

ಅಧಿಕಾರಿ ಕನ್ನಡಕ ತೆಗೆದು ಒರೆಸಿಕೊಂಡರು. “ಪರಿಹಾರದ ಕೇಸು ವರ್ಷಗಟ್ಟಲೆ ನಡೀಬಹುದು. ಅಂದು ಅವರೇ ಕೊಟ್ಟ ಹೇಳಿಕೆಯನ್ನ ಕಂಪನಿ ಮುಂದೆ ತರುತ್ತೆ. ನಿಮ್ಮ ಮೇಲೂ ಕೇಸು ಹಾಕಬಹುದು.”

ಹಾಕಲಿ ಎಂದೆ. ಅವರು ಬರೆದದ್ದನ್ನು ಓದಿ ಹೇಳಿದರು. ಕಾಕು ಸೆರಗು ಬಾಯಿಗೆ ಹಿಡಿದು ಕೇಳುತ್ತಿದ್ದರು. ರೊಕ್ಕದ ಮಾತು ಬಂದಾಗ ತಲೆ ಎತ್ತಲಿಲ್ಲ. ಓದಿ ಮುಗಿದ ಮೇಲೆ ನನ್ನ ಕೈ ಹಿಡಿದರು.

“ರಾತ್ರಿ ಎಲ್ಲಾ ಕೆಲಸದಾಗೇ ಇದ್ರು ಅಂತ ಬರದಾರೇನವ್ವಾ?”

“ಬರದಾರ ಕಾಕು. ಶಿಕ್ಕಾ ಬೀಳ್ತದ.”

ಕಾಕು ಕಣ್ಣು ಒರೆಸಿಕೊಂಡು ಅಧಿಕಾರಿಯ ಕಡೆ ತಿರುಗಿದರು.

“ಹಂಗಾದ್ರ ಎರಡು ಕಾಗದ ಮಾಡ್ರಿ ಸಾಹೇಬ್ರ. ಒಂದು ನಮ್ಮ ಬೀಗರಿಗೆ ಕೊಡಬೇಕು.”